ಬಡವರ ಮಕ್ಕಳ ಓದಿಗಾಗಿ ಮನೆಮನೆಯ ಬಾಗಿಲು ತಟ್ಟಿದ ಗುರು: ಸಂತ ಜಾನ್ ಬಾಸ್ಕೊ

ಡಾನ್ ಬಾಸ್ಕೊ ಎಂಬ ಹೆಸರನ್ನು ಯಾವುದಾದರೂ ಶಾಲೆಯ ನಾಮಫಲಕದ ಮೇಲೆ ಕಾಣದವರು ನಮ್ಮ ನಾಡಿನಲ್ಲಿ ವಿರಳ. ಇಟಲಿಯಲ್ಲಿ ಪಾದ್ರಿಗಳನ್ನು ಗೌರವದಿಂದ 'ಡಾನ್' ಎಂದು ಸಂಬೋಧಿಸುವ ರೂಢಿಯಿದೆ. ನಮ್ಮ ಚಲನಚಿತ್ರಗಳ ಡಾನ್‌ಗಳಿಗೂ ಈ ಪದಕ್ಕೂ ಸಂಬಂಧ ಹುಡುಕಬೇಕಾಗಿಲ್ಲ. ಬೀದಿಯಲ್ಲಿ ಬದುಕುವ ಮಕ್ಕಳಿಗಾಗಿ 1980ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಗೆ 'ಬೆಂಗಳೂರು ಓಣಿಯವರ ಸೇವಾ ಕೂಟ' ಎಂದು ಅಚ್ಚಗನ್ನಡದ ಹೆಸರಿಟ್ಟಾಗ, ಅದರ ಇಂಗ್ಲಿಷ್ ಮೊದಲಕ್ಷರಗಳು ಕೂಡಿ 'ಬಾಸ್ಕೊ' ಎಂದಾಗುವಂತೆ ನೋಡಿಕೊಳ್ಳಲಾಗಿತ್ತು. ಅವರು ಸ್ಥಾಪಿಸಿದ ಸಲೇಸಿಯನ್ ಸಭೆಯ ಗುರುಗಳು ಭಾರತಕ್ಕೆ ಬಂದದ್ದು 1906ರಲ್ಲಿ, ತಂಜಾವೂರಿಗೆ. 1934ರ ಈಸ್ಟರ್ ಭಾನುವಾರದಂದು ಹನ್ನೊಂದನೆಯ ಪಯಸ್ ಜಗದ್ಗುರುಗಳು ಅವರನ್ನು ಸಂತರೆಂದು ಘೋಷಿಸಿದರು.

ಸಂತರೆಂದು, ಶಿಕ್ಷಣತಜ್ಞರೆಂದು ಅವರನ್ನು ಕೊಂಡಾಡುವ ಬರಹಗಳಿಗೆ ಕೊರತೆಯಿಲ್ಲ. ಆದರೆ ಆ ಬದುಕಿನ ಬಹುಭಾಗ ಕಳೆದದ್ದು ಪರರ ಮಕ್ಕಳ ಓದಿಗೆ, ಊಟಕ್ಕೆ ಹಣ ಕೂಡಿಸುವುದರಲ್ಲಿ ಎಂಬ ಸಂಗತಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಶಾಲೆ ಕಟ್ಟಿದವರ ಚರಿತ್ರೆಯಲ್ಲಿ ವಂತಿಗೆಯ ಲೆಕ್ಕವನ್ನು ಅಡಿಟಿಪ್ಪಣಿಗೆ ತಳ್ಳುವುದು ವಾಡಿಕೆ. ಬಾಸ್ಕೊ ಅವರ ವಿಷಯದಲ್ಲಿ ಹಾಗೆ ಮಾಡಿದರೆ ಅರ್ಧ ಕಥೆ ಕಳೆದುಹೋಗುತ್ತದೆ.

ಜೊವಾನಿ ಬಾಸ್ಕೊ ಜನಿಸಿದ್ದು 1815ರ ಆಗಸ್ಟ್ 16ರಂದು, ಉತ್ತರ ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದ ಬೆಕ್ಕಿ ಎಂಬ ಕೊಪ್ಪಲಿನಲ್ಲಿ. ಬೆಕ್ಕಿಯು ಕಾಸ್ಟೆಲ್‌ನುವೊವೊ ಎಂಬ ಊರಿಗೆ ಸೇರಿದ್ದು. ಈ ಊರು ಇಂದು ಅವರ ಹೆಸರನ್ನೇ ಹೊತ್ತಿದೆ. ಇಟಲಿ ಒಂದು ರಾಷ್ಟ್ರವಾಗಿ ಇನ್ನೂ ರೂಪುಗೊಂಡಿರದ ಕಾಲವದು. ಪೀಡ್‌ಮಾಂಟ್ ಸಾರ್ಡೀನಿಯಾ ಅರಸರ ಆಳ್ವಿಕೆಯಲ್ಲಿತ್ತು. ತಂದೆ ಫ್ರಾಂಚೆಸ್ಕೊ 1817ರ ಮೇ ತಿಂಗಳಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಾಗ ಜಾನ್‌ಗೆ ಎರಡು ವರ್ಷವೂ ತುಂಬಿರಲಿಲ್ಲ. ಅದೇ ವರ್ಷ ಆ ಸೀಮೆಗೆ ಬರಗಾಲವೂ ಬಂದೆರಗಿತು. ಅಕ್ಷರ ಬಾರದ ತಾಯಿ ಮಾರ್ಗರಿತಾ ಮೂವರು ಗಂಡುಮಕ್ಕಳನ್ನೂ ವೃದ್ಧ ಅತ್ತೆಯನ್ನೂ ಬೇಸಾಯದಿಂದಲೇ ಸಾಕಿದಳು. ಹಿರಿಯವನಾದ ಅಂತೋನಿಯೊ ಗಂಡನ ಮೊದಲ ಹೆಂಡತಿಯ ಮಗ. ಹೊಲದ ಕೆಲಸಕ್ಕೆ ಕೈಗಳು ಬೇಕಾಗಿರುವಾಗ ತಮ್ಮ ಪುಸ್ತಕ ಹಿಡಿದು ಕೂರುವುದು ಅವನ ಕಣ್ಣಿಗೆ ಸೋಮಾರಿತನವಾಗಿ ಕಂಡಿತು. ಅಂತೋನಿಯೊವನ್ನು ಖಳನಾಯಕನನ್ನಾಗಿ ಚಿತ್ರಿಸುವ ಜೀವನಚರಿತ್ರೆಗಳಿವೆ. ಆದರೆ ಹದಿಹರೆಯದಲ್ಲೇ ನೊಗಕ್ಕೆ ಹೆಗಲು ಕೊಟ್ಟವನ ಸಿಟ್ಟಿನಲ್ಲಿ ನ್ಯಾಯ ಇರಲೇ ಇಲ್ಲವೆಂದು ಹೇಳುವುದು ಕಷ್ಟ.

ಸಂತೆಗಳಲ್ಲಿ ದೊಂಬರಾಟ, ಜಾದೂ ನೋಡಿ ಕಲಿತು, ಭಾನುವಾರ ಊರ ಹುಲ್ಲುಗಾವಲಿನಲ್ಲಿ ಹಗ್ಗದ ಮೇಲೆ ನಡೆದು ತೋರಿಸುತ್ತಿದ್ದ ಹುಡುಗ ಜಾನ್. ಪ್ರದರ್ಶನಕ್ಕೆ ಶುಲ್ಕವಿರಲಿಲ್ಲ, ಆದರೆ ನೋಡಲು ಬಂದವರು ನಡುವೆ ಪ್ರಾರ್ಥನೆ ಹೇಳಬೇಕು, ಬೆಳಗ್ಗೆ ಚರ್ಚಿನಲ್ಲಿ ಕೇಳಿದ್ದ ಪ್ರಬೋಧನೆಯನ್ನು ಅವನ ಬಾಯಿಂದ ಮತ್ತೊಮ್ಮೆ ಕೇಳಬೇಕು. ಮನೆಯಲ್ಲಿ ಅಣ್ಣನೊಂದಿಗಿನ ಜಗಳ ಅತಿಯಾದಾಗ ತಾಯಿ ಎದೆ ಕಲ್ಲು ಮಾಡಿಕೊಂಡು, ಹನ್ನೆರಡರ ಆಸುಪಾಸಿನ ಮಗನನ್ನು ಚಳಿಗಾಲದಲ್ಲಿ ಮನೆಯಿಂದ ಹೊರಗೆ ಕಳುಹಿಸಿದಳು. ಮೊಲ್ಯಾ ಎಂಬ ಕುಟುಂಬದ ತೋಟದಲ್ಲಿ ಅವನು ಎರಡು ವರ್ಷಗಳ ಸಮೀಪ ಜೀತದಾಳಿನಂತೆ ದುಡಿದ. 1829ರಲ್ಲಿ ಊರಿಗೆ ಮರಳಿದಾಗ ಕಲೋಸ್ಸೊ ಎಂಬ ವೃದ್ಧ ಗುರುಗಳು ಅವನ ಕೈಹಿಡಿದರು. ನೆರೆಯೂರಿನಲ್ಲಿ ಕೇಳಿದ ಪ್ರಬೋಧನೆಯನ್ನು ದಾರಿಯುದ್ದಕ್ಕೂ ಸಾದ್ಯಂತವಾಗಿ ಒಪ್ಪಿಸಿದ ಬಾಲಕನ ಜ್ಞಾಪಕಶಕ್ತಿಗೆ ಬೆರಗಾಗಿ ಅವರು ಲ್ಯಾಟಿನ್ ಪಾಠ ಹೇಳತೊಡಗಿದ್ದರು. ಒಂದೇ ವರ್ಷದಲ್ಲಿ ಅವರು ತೀರಿಕೊಂಡರು. ಸಾಯುವ ಮುನ್ನ ಹಣದ ಪೆಟ್ಟಿಗೆಯ ಕೀಲಿಕೈಯನ್ನು ಶಿಷ್ಯನ ಕೈಗಿತ್ತು, ಅದು ಅವನಿಗೇ ಸೇರಬೇಕೆಂದು ಸೂಚಿಸಿದ್ದರು. ಬಂಧುಗಳು ಬಂದಾಗ ಹುಡುಗ ಕೀಲಿಕೈಯನ್ನು ಅವರಿಗೆ ಒಪ್ಪಿಸಿಬಿಟ್ಟ. ಓದಿಗೆ ಸಿಕ್ಕಿದ್ದ ಏಕೈಕ ನಿಧಿ ಹೀಗೆ ಕೈಬಿಟ್ಟುಹೋಯಿತು.

ಕಾಸ್ಟೆಲ್‌ನುವೊವೊದ ಶಾಲೆಗೆ ಅವನು ಕೆಲಕಾಲ ದಿನಕ್ಕೆ ಹಲವು ಮೈಲಿ ನಡೆದು ಹೋಗಿಬಂದ. ಮುಂದೆ ಅಲ್ಲಿನ ದರ್ಜಿಯೊಬ್ಬನ ಮನೆಯಲ್ಲಿ ಉಳಿದು ಹೊಲಿಗೆಯನ್ನೂ ಕಲಿತ. 1831ರಲ್ಲಿ ಟ್ಯೂರಿನ್ ಸಮೀಪದ ಕಿಯೇರಿ ಪಟ್ಟಣದ ಪ್ರೌಢಶಾಲೆಗೆ ಸೇರುವ ಹೊತ್ತಿಗೆ ಮತ್ತೆ ಹಣದ ಪ್ರಶ್ನೆ ಎದುರಾಯಿತು. ಆಗ ಹದಿನಾರರ ಜಾನ್ ತನ್ನ ಸೀಮೆಯ ರೈತರ ಮನೆಬಾಗಿಲಿಗೆ ಹೋಗಿ ತನ್ನ ಓದಿಗೆ ನೆರವು ಬೇಡಿದನೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಸಿಕ್ಕಿದ್ದು ಮೊಟ್ಟೆ, ಬೆಣ್ಣೆ, ಒಂದಿಷ್ಟು ಕಾಳು. ಮುಂದೆ ರಾಜಮಹಾರಾಜರಿಗೆ, ಬ್ಯಾಂಕಿನ ಒಡೆಯರಿಗೆ ಕೈಚಾಚಿದ ಮನುಷ್ಯನ ಮೊದಲ ವಂತಿಗೆ ಇದು.

ನಮ್ಮಲ್ಲಿ ವಾರಾನ್ನದ ಮೇಲೆ ಓದಿ ದೊಡ್ಡವರಾದವರ ಕಥೆಗಳನ್ನು ಕೇಳಿದವರಿಗೆ ಕಿಯೇರಿಯ ನಾಲ್ಕು ವರ್ಷಗಳು ಪರಕೀಯವೆನಿಸುವುದಿಲ್ಲ. ಲೂಚಿಯಾ ಮತ್ತಾ ಎಂಬ ವಿಧವೆಯ ಮನೆಯಲ್ಲಿ ಅವನಿಗೆ ಮೊದಲ ಆಸರೆ ದೊರೆಯಿತು. ಬಾಡಿಗೆಯನ್ನು ಪೂರ್ತಿ ನಗದಿನಲ್ಲಿ ಕೊಡಲಾರದ ಜಾನ್ ಮನೆಗೆಲಸ ಮಾಡಿಕೊಟ್ಟ, ಆಕೆಯ ಮಗನಿಗೆ ಪಾಠ ಹೇಳಿಕೊಟ್ಟ. ಆಮೇಲೆ ಪಿಯಾಂತಾ ಎಂಬುವರ ಕಾಫಿ ಅಂಗಡಿಯಲ್ಲಿ ಮಾಣಿಯಾಗಿ, ಬಿಲಿಯರ್ಡ್ಸ್ ಆಟದ ಅಂಕ ಬರೆಯುವವನಾಗಿ ದುಡಿದ. ಮಿಠಾಯಿ ಮಾಡುವುದನ್ನು ಕಲಿತ. ಮಲಗಲು ಸಿಕ್ಕಿದ್ದು ಒಲೆಯ ಮೇಲ್ಗಡೆಯ ಇಕ್ಕಟ್ಟಾದ ಗೂಡು. ಕಾಲು ಚಾಚಿದರೆ ಹಾಸಿಗೆಯಾಚೆ ಬರುತ್ತಿತ್ತು. ಊರಿನ ಯೆಹೂದಿ ಪುಸ್ತಕ ವ್ಯಾಪಾರಿಯಿಂದ ಒಂದು ಸಂಪುಟಕ್ಕೆ ಒಂದು ಸೊಲ್ದೊ ನಾಣ್ಯದಂತೆ ಕೊಟ್ಟು ಪುಸ್ತಕ ಎರವಲು ತಂದು, ರಾತ್ರಿ ದೀಪದ ಬೆಳಕಿನಲ್ಲಿ ಓದಿ ಹಿಂದಿರುಗಿಸುತ್ತಿದ್ದ.

ಶಾಲೆಯಲ್ಲಿ ಅವನನ್ನು ಎಲ್ಲಕ್ಕಿಂತ ಕೆಳಗಿನ ತರಗತಿಯಲ್ಲಿ, ತನಗಿಂತ ತೀರ ಚಿಕ್ಕ ಮಕ್ಕಳ ನಡುವೆ ಕೂರಿಸಲಾಗಿತ್ತು. ಒಂದೇ ವರ್ಷದಲ್ಲಿ ಹಲವು ತರಗತಿಗಳನ್ನು ದಾಟಿ ಸಹಪಾಠಿಗಳ ಸಮಕ್ಕೆ ಬಂದ. ಒಮ್ಮೆ ಲ್ಯಾಟಿನ್ ಲೇಖಕ ಕಾರ್ನೀಲಿಯಸ್ ನೇಪೋಸನ ಪಠ್ಯವನ್ನು ಮನೆಯಲ್ಲೇ ಮರೆತುಬಂದು, ಬೇರೊಂದು ಪುಸ್ತಕವನ್ನು ಮುಂದೆ ಹಿಡಿದುಕೊಂಡೇ ಪಾಠವನ್ನು ನೆನಪಿನಿಂದ ಒಪ್ಪಿಸಿ, ಅಧ್ಯಾಪಕರ ಪ್ರಶಂಸೆಗೆ ಪಾತ್ರನಾದ ಪ್ರಸಂಗವನ್ನು ಅವರೇ ತಮ್ಮ ಸ್ಮೃತಿಗಳಲ್ಲಿ ದಾಖಲಿಸಿದ್ದಾರೆ. 1832ರಲ್ಲಿ ಗೆಳೆಯರನ್ನು ಕೂಡಿಸಿ 'ಆನಂದ ಸಂಘ' ಎಂಬ ಕೂಟ ಕಟ್ಟಿದ. ನಿಯಮಗಳು ಕೆಲವೇ: ಸಭ್ಯತೆ ಮೀರಿದ ನಡೆನುಡಿ ಕೂಡದು, ಶಾಲೆಯ ಮತ್ತು ಧರ್ಮದ ಕರ್ತವ್ಯ ತಪ್ಪಬಾರದು, ಸದಾ ನಗುನಗುತ್ತ ಇರಬೇಕು. ಊರಿಗೆ ಬಂದ ವೃತ್ತಿಪರ ದೊಂಬನೊಬ್ಬ ಭಾನುವಾರ ಚರ್ಚಿನ ವೇಳೆಗೇ ಆಟ ಹೂಡಿ ಹುಡುಗರನ್ನು ಸೆಳೆದಾಗ ಜಾನ್ ಅವನೊಡನೆ ಪಂದ್ಯ ಕಟ್ಟಿದ. ಓಟ, ಹಳ್ಳ ಹಾರುವುದು, ಬೆರಳ ತುದಿಯಲ್ಲಿ ಕೋಲು ಆಡಿಸುವುದು, ಕೊನೆಗೆ ಮರ ಏರುವುದು ಎಲ್ಲದರಲ್ಲೂ ಗೆದ್ದ. ಪ್ರತಿ ಸುತ್ತಿಗೂ ಪಣ ಏರುತ್ತ ಹೋಗಿ ಆ ಬಡಪಾಯಿ ಇದ್ದುದೆಲ್ಲವನ್ನೂ ಕಳೆದುಕೊಂಡಿದ್ದ. ಸಂಘದ ಹುಡುಗರಿಗೆಲ್ಲ ಒಂದು ಊಟ ಹಾಕಿಸಿದರೆ ಸಾಕೆಂದು ಒಪ್ಪಿಸಿ, ಗೆದ್ದ ಹಣವನ್ನು ಹಿಂದಿರುಗಿಸಲಾಯಿತು. ಸೋತವನ ಮಾನ ಉಳಿಸಿ ಅವನಿಂದ ಏನನ್ನಾದರೂ ಪಡೆಯುವ ಈ ಚಾತುರ್ಯ ಮುಂದೆ ಬಹಳ ಉಪಯೋಗಕ್ಕೆ ಬಂದಿತು.

1835ರಲ್ಲಿ ಗುರುಮಠಕ್ಕೆ ಸೇರುವಾಗಲೂ ಕಥೆ ಬೇರೆಯಾಗಿರಲಿಲ್ಲ. ನಿಲುವಂಗಿ, ಟೋಪಿ, ಮೇಲಂಗಿ ಎಲ್ಲವೂ ಊರವರ ಕೊಡುಗೆ. ತನ್ನ ಊರಿನವರೇ ಆದ ಜೋಸೆಫ್ ಕಫಾಸ್ಸೊ ಗುರುಗಳ ಬೆಂಬಲವೂ ದೊರೆಯಿತು. 1841ರ ಜೂನ್ 5ರಂದು ಟ್ಯೂರಿನ್ ನಗರದಲ್ಲಿ ಗುರುದೀಕ್ಷೆ ಪಡೆದ ಜಾನ್ ಅಂದಿನಿಂದ ಡಾನ್ ಬಾಸ್ಕೊ ಆದರು.

ಆಗಿನ ಟ್ಯೂರಿನ್ ಬೆಳೆಯುತ್ತಿದ್ದ ರಾಜಧಾನಿ. ಬೆಟ್ಟಸೀಮೆಗಳಿಂದ ಗಾರೆ ಕೆಲಸಕ್ಕೆ, ಕಲ್ಲು ಹೊರಲು, ಚಿಮಣಿ ಗುಡಿಸಲು ಹತ್ತು ಹನ್ನೆರಡರ ಹುಡುಗರು ಬಂದು ಸೇರುತ್ತಿದ್ದರು. ಕೆಲಸ ಸಿಗದವರು ಬೀದಿಯಲ್ಲಿ ತಿರುಗಿ, ಹಲವರು ಸೆರೆಮನೆ ಸೇರುತ್ತಿದ್ದರು. ಕಫಾಸ್ಸೊ ಅವರೊಡನೆ ಸೆರೆಮನೆಗಳಿಗೆ ಹೋದ ಯುವ ಗುರುವಿಗೆ, ಬಿಡುಗಡೆಯಾದ ಹುಡುಗರು ಮತ್ತೆ ಅಲ್ಲಿಗೇ ಮರಳುವುದು ಕಂಡಿತು. ಹೊರಗೆ ಅವರಿಗೆ ತಮ್ಮವರೆಂಬುವರು ಯಾರೂ ಇರಲಿಲ್ಲ. 1841ರ ಡಿಸೆಂಬರ್ 8ರಂದು ಅಸ್ಸೀಸಿಯ ಸಂತ ಫ್ರಾನ್ಸಿಸ್ ದೇವಾಲಯದಲ್ಲಿ ಅವರು ಪೂಜೆಗೆ ಅಣಿಯಾಗುತ್ತಿದ್ದಾಗ, ಚಳಿಗೆ ಒಳಬಂದ ಅನಾಥ ಗಾರೆ ಹುಡುಗನೊಬ್ಬನನ್ನು ಚರ್ಚಿನ ಪರಿಚಾರಕ ಹೊಡೆದು ಓಡಿಸಿದ. ಡಾನ್ ಬಾಸ್ಕೊ ಅವನನ್ನು ಹಿಂದಕ್ಕೆ ಕರೆಸಿ, ಮಾತಾಡಿಸಿ, ಅಂದೇ ಧರ್ಮೋಪದೇಶದ ಮೊದಲ ಪಾಠ ಹೇಳಿದರು. ಬಾರ್ತೊಲೊಮೆಯೊ ಗರೆಲ್ಲಿ ಎಂಬ ಆ ಹುಡುಗ ಮುಂದಿನ ವಾರ ಜೊತೆಗಾರರನ್ನು ಕರೆತಂದ. 'ಒರೆಟರಿ' ಎಂದು ಹೆಸರಾದ ಮಕ್ಕಳ ಕೂಟದ ಆರಂಭ ಇದೆಂದು ಸಲೇಸಿಯನ್ನರು ಇಂದಿಗೂ ನಂಬುತ್ತಾರೆ.

ನೂರಾರು ಹುಡುಗರ ಗದ್ದಲವನ್ನು ಯಾವ ನೆರೆಯೂ ಬಹುಕಾಲ ಸಹಿಸಲಿಲ್ಲ. ಅಲ್ಲಿಂದಿಲ್ಲಿಗೆ ಅಲೆದು 1846ರ ಈಸ್ಟರ್ ಹೊತ್ತಿಗೆ ವಾಲ್ಡೊಕ್ಕೊ ಎಂಬ ಹೊರವಲಯದಲ್ಲಿ ಪಿನಾರ್ದಿ ಎಂಬುವರ ಒಂದು ತಗ್ಗಾದ ಕೊಟ್ಟಿಗೆ ವರ್ಷಕ್ಕೆ 300 ಲಿರಾ ಬಾಡಿಗೆಗೆ ಸಿಕ್ಕಿತು. ಆ ಬೇಸಿಗೆಯಲ್ಲಿ ಡಾನ್ ಬಾಸ್ಕೊ ಕಾಯಿಲೆಯಿಂದ ಸಾವಿನಂಚಿಗೆ ಹೋಗಿ ಮರಳಿದರು. ನವೆಂಬರ್‌ನಲ್ಲಿ ಬೆಕ್ಕಿಯಿಂದ ಟ್ಯೂರಿನ್‌ವರೆಗೆ ನಡೆದೇ ಬಂದಾಗ ಜೊತೆಯಲ್ಲಿ ತಾಯಿಯೂ ಇದ್ದಳು. ಐವತ್ತೆಂಟರ ವಯಸ್ಸಿನಲ್ಲಿ ತನ್ನ ಮನೆ, ಮೊಮ್ಮಕ್ಕಳನ್ನು ಬಿಟ್ಟುಬಂದ ಮಾರ್ಗರಿತಾ ಹತ್ತು ವರ್ಷ, ಸಾಯುವವರೆಗೂ, ಆ ಹುಡುಗರಿಗೆ ಅಡುಗೆ ಮಾಡಿ, ಬಟ್ಟೆ ಹೊಲಿದು ಹಾಕಿದಳು. ಮದುವೆಯ ಉಡುಗೆಗಳನ್ನೂ ಕೊರಳ ಚಿನ್ನದ ಸರವನ್ನೂ ಆ ಮನೆಯ ಖರ್ಚಿಗೇ ಕರಗಿಸಿದಳು. ವಾಲ್ಡೊಕ್ಕೊ ಶಾಲೆಯ ಮೊದಲ ದಾನಿ ಯಾರೆಂದು ಕೇಳಿದರೆ ಆಕೆಯ ಹೆಸರನ್ನೇ ಹೇಳಬೇಕಾದೀತು.

ರಾತ್ರಿ ಶಾಲೆಯ ಪಾಠ ಹೇಳಲು ಸಂಬಳದ ಅಧ್ಯಾಪಕರನ್ನು ನೇಮಿಸುವ ಶಕ್ತಿ ಇರಲಿಲ್ಲ. ಅದಕ್ಕೆ ಡಾನ್ ಬಾಸ್ಕೊ ಕಂಡುಕೊಂಡ ಉಪಾಯ ಸರಳವಾದುದು. ನಗರದ ಚುರುಕಾದ ಕೆಲವು ತರುಣರಿಗೆ ಇಟಾಲಿಯನ್, ಲ್ಯಾಟಿನ್, ಫ್ರೆಂಚ್, ಗಣಿತಗಳನ್ನು ತಾವೇ ಉಚಿತವಾಗಿ ಕಲಿಸುವುದು. ಪ್ರತಿಯಾಗಿ ಅವರು ಬಂದು ಗಾರೆ ಹುಡುಗರಿಗೆ ಅಕ್ಷರ ಕಲಿಸುವುದು. 1850ರಿಂದ ರಾಜ್ಯದಲ್ಲಿ ದಶಮಾಂಶ ಪದ್ಧತಿಯ ಅಳತೆ ತೂಕ ಕಡ್ಡಾಯವಾಗಲಿದೆ ಎಂದಾಗ, ಹಳೆಯ ಲೆಕ್ಕದಲ್ಲೇ ಬೆಳೆದ ಕೂಲಿಕಾರ ಮೋಸಹೋಗುವುದು ಖಚಿತವೆಂದು ಅರಿತು ಆ ಪದ್ಧತಿಯ ಮೇಲೊಂದು ಕಿರುಪುಸ್ತಕ ಬರೆದರು. ಸಾಲದೆಂಬಂತೆ ಕಿಲೋಗ್ರಾಂ, ಲೀಟರುಗಳನ್ನೇ ವಸ್ತುವಾಗಿಸಿ ಹಾಸ್ಯ ಸಂವಾದಗಳನ್ನು ರಚಿಸಿ ಹುಡುಗರಿಂದ ಆಡಿಸಿದರು. ಕಲಿಕೆಯು ಹುಡುಗನ ಜೇಬಿಗೆ ತಲುಪಬೇಕೆಂಬ ಎಚ್ಚರ ಅವರಲ್ಲಿ ಯಾವಾಗಲೂ ಇತ್ತು. ಮಾಲೀಕರ ಬಳಿ ಕೆಲಸ ಕಲಿಯಲು ಹೋದ ಹುಡುಗರಿಗಾಗಿ ಲಿಖಿತ ಒಪ್ಪಂದ ಮಾಡಿಸಿ, ಹೊಡೆಯಕೂಡದು, ಕಸುಬಿಗೆ ಸಂಬಂಧವಿಲ್ಲದ ಚಾಕರಿ ಮಾಡಿಸಕೂಡದು ಎಂದು ಷರತ್ತು ಹಾಕಿಸಿದ್ದೂ ಈ ಎಚ್ಚರದಿಂದಲೇ.

1851ರಲ್ಲಿ ಪಿನಾರ್ದಿಯ ಮನೆಯನ್ನೇ 30,000 ಲಿರಾಗೆ ಕೊಂಡರು. ಕೈಯಲ್ಲಿ ಹಣವಿರಲಿಲ್ಲ. ತತ್ವಜ್ಞಾನಿ ಗುರು ಅಂತೋನಿಯೊ ರೊಸ್ಮಿನಿಯವರಿಂದ ಸಾಲ, ಕಫಾಸ್ಸೊ ಅವರ ಮೂಲಕ ಬಂದ ದಾನ ಎರಡೂ ಸೇರಿ ವ್ಯವಹಾರ ಮುಗಿಯಿತು. ಕೂಡಲೇ ಚರ್ಚ್ ಕಟ್ಟುವ ಕೆಲಸ ಹಿಡಿದು, ಹಣ ಸಾಲದಾದಾಗ ಲಾಟರಿಗೆ ಕೈಹಾಕಿದರು. 2007ರಲ್ಲಿ ರಾಜ್ಯ ಸರ್ಕಾರ ನಿಷೇಧಿಸುವವರೆಗೆ ಲಾಟರಿ ಎಷ್ಟು ಸಂಸಾರಗಳನ್ನು ಮುಳುಗಿಸಿತೆಂದು ಕಂಡಿರುವ ಕನ್ನಡ ಓದುಗರಿಗೆ ಇದು ಇರಿಸುಮುರಿಸು ಉಂಟುಮಾಡಬಹುದು. ಆದರೆ ಅದರ ಬಗೆ ಬೇರೆ. ನಗದು ಬಹುಮಾನ ಇರಲಿಲ್ಲ. ಶ್ರೀಮಂತರ ಮನೆಗಳಿಂದ, ಅರಮನೆಯಿಂದ ಚಿತ್ರ, ಕಸೂತಿ, ಪಾತ್ರೆ, ಆಭರಣ ಹೀಗೆ ಮೂರು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಬೇಡಿ ತಂದು, ಅವನ್ನು ಸಾರ್ವಜನಿಕವಾಗಿ ಪ್ರದರ್ಶನಕ್ಕಿಟ್ಟು, ಅರ್ಧ ಲಿರಾಗೆ ಒಂದರಂತೆ ಚೀಟಿ ಮಾರಲಾಯಿತು. ಸರ್ಕಾರದ ಅನುಮತಿ, ಲೆಕ್ಕಪತ್ರ ಎಲ್ಲವೂ ಕ್ರಮಬದ್ಧ. ಚೀಟಿಗಳ ಕಟ್ಟುಗಳನ್ನು ಅಧಿಕಾರಿಗಳಿಗೆ, ಪಾದ್ರಿಗಳಿಗೆ, ವ್ಯಾಪಾರಿಗಳಿಗೆ ವಿನಯದ ಪತ್ರದೊಂದಿಗೆ ಕಳುಹಿಸಿ, ಮಾರಿಕೊಡಬೇಕೆಂದು ಕೋರುತ್ತಿದ್ದರು. ಒಂದು ಚೀಟಿ ಕೊಳ್ಳುವವನನ್ನು ಹತ್ತು ಚೀಟಿ ಮಾರುವವನನ್ನಾಗಿ ಮಾಡುವ ಲೆಕ್ಕಾಚಾರ ಅದರಲ್ಲಿತ್ತು. ಬಂದ ಹಣದಲ್ಲಿ ಪಾಲನ್ನು ನೆರೆಯಲ್ಲೇ ಇದ್ದ ಕೊತ್ತೊಲೆಂಗೊ ಆಸ್ಪತ್ರೆಯ ರೋಗಿಗಳಿಗೆ ಕೊಟ್ಟರು. ಇನ್ನೊಬ್ಬ ಬಡವನನ್ನು ಪಾಲುದಾರನನ್ನಾಗಿ ಮಾಡಿಕೊಂಡದ್ದು ಔದಾರ್ಯವೂ ಹೌದು, ಜನರ ವಿಶ್ವಾಸ ಗಳಿಸುವ ಜಾಣತನವೂ ಹೌದು. 1852ರ ಜೂನ್ 20ರಂದು ಸಂತ ಫ್ರಾನ್ಸಿಸ್ ಡಿ ಸೇಲ್ಸ್ ದೇವಾಲಯ ಉದ್ಘಾಟನೆಯಾಯಿತು. ಅದೇ ಡಿಸೆಂಬರ್‌ನಲ್ಲಿ, ಮಕ್ಕಳ ವಾಸಕ್ಕೆಂದು ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡ ಮಳೆಗೆ ಕುಸಿದು ಬಿತ್ತು. ಮತ್ತೆ ಪತ್ರ, ಮತ್ತೆ ಬೇಡಿಕೆ.

ವಾಲ್ಡೊಕ್ಕೊದಲ್ಲಿ ಎರಡು ಬಗೆಯ ಮಕ್ಕಳಿದ್ದರು: ಕಸುಬು ಕಲಿಯುವವರು, ಓದುವವರು. ಮೊದಲನೆಯವರಿಗಾಗಿ 1853ರಿಂದ ಚಪ್ಪಲಿ ಹೊಲಿಗೆ, ದರ್ಜಿ ಕೆಲಸ, ಪುಸ್ತಕ ಕಟ್ಟುವುದು, ಬಡಗಿತನ, ಮುದ್ರಣ ಹೀಗೆ ಒಂದೊಂದಾಗಿ ಕಾರ್ಯಾಗಾರಗಳು ತೆರೆದವು. ಓದುವ ಹುಡುಗರು ಮೊದಮೊದಲು ನಗರದ ಬೊನ್ಸಾನಿನೊ, ಪಿಕ್ಕೊ ಎಂಬ ಅಧ್ಯಾಪಕರ ಖಾಸಗಿ ಶಾಲೆಗಳಿಗೆ ನಡೆದು ಹೋಗುತ್ತಿದ್ದರು. ಉಳ್ಳವರ ಮಕ್ಕಳ ಜೊತೆ, ಅದೇ ಬೆಂಚಿನ ಮೇಲೆ ಈ ಮಕ್ಕಳಿಗೂ ಉಚಿತವಾಗಿ ಜಾಗ ಸಿಕ್ಕಿತ್ತು. 1855ರಲ್ಲಿ ಮನೆಯಲ್ಲೇ ಒಂದು ತರಗತಿ ಆರಂಭಿಸಿ, ಹದಿಹರೆಯ ದಾಟದ ಜೊವಾನಿ ಬಾತ್ತಿಸ್ತಾ ಫ್ರಾಂಚೇಸಿಯಾ ಅವರನ್ನೇ ಅಧ್ಯಾಪಕರನ್ನಾಗಿ ನಿಲ್ಲಿಸಿದರು. ಕೆಲವೇ ವರ್ಷಗಳಲ್ಲಿ ಐದು ತರಗತಿಗಳ ಪೂರ್ಣ ಪ್ರೌಢಶಾಲೆ ಸಿದ್ಧವಾಯಿತು.

ಊಟ ಎಂದರೆ ಸಾರು, ರೊಟ್ಟಿ. ಬೆಳಗ್ಗೆ ಪೂಜೆ, ಪಾಠ, ಮಧ್ಯಾಹ್ನ ಅಂಗಳದಲ್ಲಿ ಬೊಬ್ಬೆ, ಓಟ, ಆಟ. ಆ ಓಟದ ನಡುವೆ ನಿಲುವಂಗಿ ಎತ್ತಿಕಟ್ಟಿಕೊಂಡು ಡಾನ್ ಬಾಸ್ಕೊ ಕೂಡ. ಶಿಕ್ಷೆಯಿಂದ ತಿದ್ದುವುದಕ್ಕಿಂತ, ತಪ್ಪು ಮಾಡುವ ಸಂದರ್ಭವೇ ಬಾರದಂತೆ ಹುಡುಗರ ಜೊತೆಗಿರುವುದು ಲೇಸೆಂಬುದು ಅವರ ಪದ್ಧತಿ. 1877ರಲ್ಲಿ ಅದನ್ನು ಬರಹಕ್ಕಿಳಿಸಿದಾಗ ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರು ಆಧಾರಗಳನ್ನು ಅವರು ಹೆಸರಿಸಿದರು. ರಾತ್ರಿ ಮಲಗುವ ಮುನ್ನ ಎಲ್ಲರನ್ನೂ ಕೂಡಿಸಿ ಎರಡು ಹಿತವಚನ ಹೇಳುವ ರೂಢಿ ಇತ್ತು. ಅದನ್ನು ಆರಂಭಿಸಿದವಳು ಮಾರ್ಗರಿತಾ ಎಂಬ ಪ್ರತೀತಿಯಿದೆ. ಶರತ್ಕಾಲದ ರಜೆಯಲ್ಲಿ ಹುಡುಗರ ವಾದ್ಯವೃಂದ, ನಾಟಕದ ಸಾಮಾನು ಎಲ್ಲವನ್ನೂ ಹೊತ್ತು ಊರಿಂದೂರಿಗೆ ಕಾಲ್ನಡಿಗೆಯ ಯಾತ್ರೆ ಹೊರಡುತ್ತಿತ್ತು. ಊರ ಪಾದ್ರಿ ಊಟ ಹಾಕಿಸುತ್ತಿದ್ದರು, ಹುಡುಗರು ಹಾಡಿ ಆಡಿ ತೋರಿಸುತ್ತಿದ್ದರು. ಹುಡುಗರಿಗೆ ಅದು ವಿಹಾರ. ಶಾಲೆಗೋ, ಹೊಸ ಸ್ನೇಹಿತರು, ಹೊಸ ದಾನಿಗಳು.

ದಾನ ಪಡೆದು ಬೆಳೆಯುವ ಮಕ್ಕಳು ಕೊಡುವುದನ್ನೂ ಕಲಿಯಬೇಕೆಂಬುದಕ್ಕೆ 1854ರ ಬೇಸಿಗೆ ಪರೀಕ್ಷೆಯಾಗಿ ಬಂದಿತು. ಟ್ಯೂರಿನ್‌ನಲ್ಲಿ ಕಾಲರಾ ಹಬ್ಬಿ, ವಾಲ್ಡೊಕ್ಕೊ ಸುತ್ತಲಿನ ಬಡ ಕೇರಿಗಳಲ್ಲಿ ಸಾವು ಮನೆಮನೆ ಹೊಕ್ಕಿತು. ರೋಗಿಗಳನ್ನು ಮುಟ್ಟಲು ಹಣ ಕೊಟ್ಟರೂ ಜನ ಸಿಗುತ್ತಿರಲಿಲ್ಲ. ಡಾನ್ ಬಾಸ್ಕೊ ಕೇಳಿಕೊಂಡಾಗ ಮೊದಲು 14 ಹುಡುಗರು, ಆಮೇಲೆ ಇನ್ನೂ 30 ಮಂದಿ ಮುಂದೆ ಬಂದರು. ಆಸ್ಪತ್ರೆಗಳಲ್ಲಿ, ಮನೆಗಳಲ್ಲಿ ರೋಗಿಗಳನ್ನು ಎತ್ತಿ ಇಳಿಸಿ, ಶುಚಿಗೊಳಿಸಿದರು. ರೋಗಿಗಳಿಗೆ ಹೊದಿಸಲು ಬಟ್ಟೆ ಸಾಲದಾದಾಗ ಮಾರ್ಗರಿತಾ ಮನೆಯ ಮೇಜುವಸ್ತ್ರ, ಪೂಜಾಪೀಠದ ವಸ್ತ್ರಗಳನ್ನೂ ತೆಗೆದುಕೊಟ್ಟಳು. ಹುಡುಗರಲ್ಲಿ ಯಾರಿಗೂ ರೋಗ ತಗುಲಲಿಲ್ಲವೆಂದು ಸಲೇಸಿಯನ್ ಚರಿತ್ರೆ ಹೇಳುತ್ತದೆ. ಮಕ್ಕಳನ್ನು ಅಂತಹ ಅಪಾಯಕ್ಕೆ ಒಡ್ಡಬಹುದಿತ್ತೇ ಎಂಬ ಪ್ರಶ್ನೆ ಇಂದಿನ ಓದುಗರಲ್ಲಿ ಏಳದಿರದು. ಅಂದು ನಗರ ಮಾತ್ರ ವಾಲ್ಡೊಕ್ಕೊದ ಹುಡುಗರನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿತು.

ಅದೇ ಅಕ್ಟೋಬರ್‌ನಲ್ಲಿ ಸೇರಿದವನು ಹನ್ನೆರಡರ ಡೊಮಿನಿಕ್ ಸಾವಿಯೊ, ಕಮ್ಮಾರನ ಮಗ. ಕಲ್ಲು ಹಿಡಿದು ಕಾದಾಟಕ್ಕೆ ನಿಂತ ಇಬ್ಬರು ಸಹಪಾಠಿಗಳ ನಡುವೆ ಶಿಲುಬೆ ಹಿಡಿದು ನಿಂತು, ಮೊದಲ ಕಲ್ಲು ತನಗೇ ಬೀಳಲೆಂದು ಹೇಳಿ ಜಗಳ ಬಿಡಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಸಂತನಾಗಬೇಕೆಂಬ ಹಂಬಲದಲ್ಲಿ ಉಪವಾಸ, ಚಳಿಯಲ್ಲಿ ಹೊದಿಕೆಯಿಲ್ಲದೆ ಮಲಗುವುದು ಮುಂತಾದ ದೇಹದಂಡನೆಗೆ ಆ ಹುಡುಗ ಹೊರಟಾಗ ಡಾನ್ ಬಾಸ್ಕೊ ತಡೆದು, ಪಾಠ, ಆಟ, ನಗು, ಗೆಳೆಯರಿಗೆ ನೆರವು ಇಷ್ಟೇ ಸಾಕೆಂದು ತಿಳಿಹೇಳಿದರು. 1856ರಲ್ಲಿ ಅವನು ಗೆಳೆಯರೊಂದಿಗೆ ಒಂದು ಸಂಘ ಕಟ್ಟಿದ. ಹೊಸದಾಗಿ ಬಂದು ಒಂಟಿಯಾದ ಹುಡುಗರಿಗೆ, ತಂಟೆಕೋರರಿಗೆ ಜೊತೆಯಾಗುವುದೇ ಅದರ ಸದಸ್ಯರ ಕೆಲಸವಾಗಿತ್ತು. 1857ರ ಮಾರ್ಚ್ 9ರಂದು, ಹದಿನೈದು ತುಂಬುವ ಮೊದಲೇ, ಡೊಮಿನಿಕ್ ತೀರಿಕೊಂಡ. ಎರಡು ವರ್ಷಗಳ ನಂತರ ಡಾನ್ ಬಾಸ್ಕೊ ಬರೆದ ಅವನ ಜೀವನಚರಿತ್ರೆಯನ್ನು ಸಹಪಾಠಿಗಳೇ ಓದಿ, ತಾವು ಕಂಡದ್ದರೊಡನೆ ಹೋಲಿಸಿ ನೋಡಿದರು. 1954ರಲ್ಲಿ ಆ ವಿದ್ಯಾರ್ಥಿಯೂ ಸಂತನೆನಿಸಿದ.

ಸರ್ಕಾರದೊಂದಿಗಿನ ಸಂಬಂಧ ಸುಗಮವಾಗಿರಲಿಲ್ಲ. ಮಂತ್ರಿಗಳಲ್ಲಿ ಸ್ನೇಹಿತರಿದ್ದರು, ಶಿಕ್ಷಣ ಇಲಾಖೆಯಲ್ಲಿ ಶಂಕಿಸುವವರಿದ್ದರು. 1859ರ ಕಸಾತಿ ಕಾಯಿದೆಯು ಪ್ರೌಢಶಾಲೆಯ ಅಧ್ಯಾಪಕರಿಗೆ ಪದವಿ ಬೇಕೆಂದು ವಿಧಿಸಿದಾಗ ಡಾನ್ ಬಾಸ್ಕೊ ತಮ್ಮ ತರುಣರನ್ನು ಟ್ಯೂರಿನ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿ ಪರೀಕ್ಷೆ ಬರೆಸಿದರು. ಆದರೂ 1879ರಲ್ಲಿ, ಅರ್ಹತೆಯುಳ್ಳ ಅಧ್ಯಾಪಕರು ತರಗತಿಯಲ್ಲಿಲ್ಲವೆಂಬ ಆರೋಪದ ಮೇಲೆ, ವಾಲ್ಡೊಕ್ಕೊ ಪ್ರೌಢಶಾಲೆಯನ್ನು ಮುಚ್ಚುವಂತೆ ಆಜ್ಞೆ ಹೊರಟಿತು. ಅದನ್ನು ಎದುರಿಸಿ ಅವರು ರಾಜನವರೆಗೂ ಮನವಿ ಒಯ್ಯಬೇಕಾಯಿತು. ಚರ್ಚಿನೊಳಗೂ ಘರ್ಷಣೆ ಇತ್ತು. ಟ್ಯೂರಿನ್ನಿನ ಮಹಾಧರ್ಮಾಧ್ಯಕ್ಷ ಗಸ್ತಾಲ್ದಿಯವರ ತಾಯಿ ಹಿಂದೆ ವಾಲ್ಡೊಕ್ಕೊ ಮಕ್ಕಳ ಬಟ್ಟೆ ಹೊಲಿದುಕೊಟ್ಟವರು. ಮಗ ಅಧಿಕಾರಕ್ಕೆ ಬಂದ ಮೇಲೆ ಹಳೆಯ ಸ್ನೇಹ ವರ್ಷಗಳ ವ್ಯಾಜ್ಯವಾಗಿ ತಿರುಗಿತು.

ಈ ನಡುವೆ ಕೆಲಸ ಬೆಳೆಯುತ್ತಲೇ ಹೋಯಿತು. 1859ರಲ್ಲಿ ತಮ್ಮ ಹಳೆಯ ವಿದ್ಯಾರ್ಥಿಗಳನ್ನೇ ಕೂಡಿಸಿಕೊಂಡು ಸಲೇಸಿಯನ್ ಸಭೆ, 1872ರಲ್ಲಿ ಮರಿಯಾ ಮಜ್ಜರೆಲ್ಲೊ ಅವರೊಡಗೂಡಿ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಸನ್ಯಾಸಿನಿಯರ ಸಭೆ ಸ್ಥಾಪನೆಯಾದವು. ಮಾತೆ ಮರಿಯಳ ಮಹಾದೇವಾಲಯವನ್ನು ಆರಂಭಿಸಿದಾಗ ಗುತ್ತಿಗೆದಾರನಿಗೆ ಕೊಟ್ಟ ಮೊದಲ ಮುಂಗಡ ಕೇವಲ ಎಂಟು ಸೊಲ್ದೊ. ಚೀಲವನ್ನೇ ಅವನ ಕೈಗೆ ಬರಿದು ಮಾಡಿದರಂತೆ. 1868ರಲ್ಲಿ ಆ ದೇವಾಲಯ ಪ್ರತಿಷ್ಠಾಪನೆಯಾಯಿತು. 1875ರಲ್ಲಿ ಅರ್ಜೆಂಟೀನಾಕ್ಕೆ ಮೊದಲ ತಂಡ ಹಡಗೇರಿತು. ಇಷ್ಟೆಲ್ಲಕ್ಕೂ ಹಣ ಬೇಕಿತ್ತು. 1876ರಲ್ಲಿ ಸಾಮಾನ್ಯ ಗೃಹಸ್ಥರನ್ನು 'ಸಹಕಾರಿ'ಗಳೆಂದು ಸಂಘಟಿಸಿ, ಮರುವರ್ಷ ಅವರಿಗಾಗಿ ಮಾಸಪತ್ರಿಕೆಯನ್ನೂ ಹೊರತಂದರು. ಪತ್ರಿಕೆಗೆ ಚಂದಾ ಕಡ್ಡಾಯವಿರಲಿಲ್ಲ. ಕೊಟ್ಟ ಹಣ ಎಲ್ಲಿಗೆ ಹೋಯಿತು, ಯಾವ ಊರಿನಲ್ಲಿ ಯಾವ ಶಾಲೆ ತೆರೆಯಿತು ಎಂದು ಓದಿದವನು ತಾನಾಗಿಯೇ ಮತ್ತೆ ಕೊಡುತ್ತಾನೆಂಬ ಎಣಿಕೆ ಅವರದು, ಅದು ಹುಸಿಯಾಗಲಿಲ್ಲ. ಶ್ರೀಮಂತರೊಡನೆ ಅವರ ಮಾತು ವಿನಯದ್ದಾದರೂ ದಾಕ್ಷಿಣ್ಯದ್ದಲ್ಲ. ಮಿಗುತಾಯವನ್ನು ಬಡವರಿಗೆ ಕೊಡುವುದು ಉಪಕಾರವಲ್ಲ, ಕರ್ತವ್ಯ ಎಂಬುದನ್ನು ಅವರು ಅರಮನೆಯಂತಹ ಮನೆಗಳಲ್ಲೂ ಹೇಳಿಬಂದರು.

1880ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ರೋಮಿನಲ್ಲಿ ಅರ್ಧಕ್ಕೆ ನಿಂತಿದ್ದ ಪವಿತ್ರ ಹೃದಯ ದೇವಾಲಯದ ನಿರ್ಮಾಣವನ್ನು ಅವರಿಗೆ ವಹಿಸಿದರು. ಅರವತ್ತೈದರ, ಕಣ್ಣು ಮಂಜಾದ, ಕಾಲು ಊದಿಕೊಂಡ ಮುದುಕನ ಹೆಗಲಿಗೆ ಇದು ದೊಡ್ಡ ಹೊರೆ. ಒಪ್ಪಿಕೊಂಡರು, ಪಕ್ಕದಲ್ಲಿ ಮಕ್ಕಳಿಗೊಂದು ವಿದ್ಯಾರ್ಥಿಗೃಹವೂ ಇರಲೆಂದು ಯೋಜನೆಯನ್ನು ಇನ್ನಷ್ಟು ಹಿಗ್ಗಿಸಿದರು. 1883ರಲ್ಲಿ ನಾಲ್ಕು ತಿಂಗಳು ಫ್ರಾನ್ಸ್ ಸುತ್ತಿದರು. ಪ್ಯಾರಿಸ್ಸಿನಲ್ಲಿ ಚರ್ಚುಗಳು ಕಿಕ್ಕಿರಿದವು. ತಪ್ಪುತಡೆಯ ಫ್ರೆಂಚಿನಲ್ಲಿ ಅವರು ಹೇಳುತ್ತಿದ್ದುದು ಒಂದೇ ವಿಷಯ: ಬೀದಿಯ ಹುಡುಗನಿಗೆ ಇಂದು ಕೊಡದ ಹಣ ನಾಳೆ ಸೆರೆಮನೆಗೆ ಖರ್ಚಾಗುತ್ತದೆ. 1886ರಲ್ಲಿ ಇದೇ ಕೆಲಸಕ್ಕೆ ಬಾರ್ಸಿಲೋನಾಗೆ ಹೋದರು.

ಇದಕ್ಕೆ ತೆತ್ತ ಬೆಲೆ ಬೇರೊಂದು ಇತ್ತು. 1884ರ ಮೇ ತಿಂಗಳಲ್ಲಿ ಡಾನ್ ಬಾಸ್ಕೊ ರೋಮಿನಲ್ಲಿದ್ದರು, ಆ ದೇವಾಲಯದ ಹಣದ ಚಿಂತೆಯಲ್ಲೇ. ಅಲ್ಲಿಂದ ಮೇ 10ರ ದಿನಾಂಕದಲ್ಲಿ ವಾಲ್ಡೊಕ್ಕೊಗೆ ಒಂದು ಪತ್ರ ಹೋಯಿತು. ಬರೆದುಕೊಂಡವರು ಕಾರ್ಯದರ್ಶಿ ಲೆಮೊಯ್ನೆ. ಕನಸೊಂದರ ರೂಪದಲ್ಲಿರುವ ಆ ಪತ್ರದಲ್ಲಿ ಎರಡು ಅಂಗಳಗಳ ವರ್ಣನೆಯಿದೆ. ಒಂದು ಹಳೆಯ ವಾಲ್ಡೊಕ್ಕೊದ್ದು: ಅಧ್ಯಾಪಕರು, ಮಕ್ಕಳು ಬೆರೆತು ಓಡಿಯಾಡುವ, ನಗುವಿನ ಅಂಗಳ. ಇನ್ನೊಂದು ಅಂದಿನದು: ಮೂಲೆಗಳಲ್ಲಿ ಗುಸುಗುಸು, ಮುಖಗಳಲ್ಲಿ ಬೇಸರ, ಅಧ್ಯಾಪಕರು ತಮ್ಮತಮ್ಮಲ್ಲೇ ಮಾತಾಡುತ್ತ ದೂರದಿಂದ ಕಣ್ಣಿಟ್ಟು ನಿಂತಿರುವ ಅಂಗಳ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ಪ್ರೀತಿಸುತ್ತಿದ್ದೇವೆಂಬುದು ಮಕ್ಕಳಿಗೆ ತಿಳಿಯಬೇಕು ಎಂಬುದು ಆ ಪತ್ರದ ತಿರುಳು. ಸಲೇಸಿಯನ್ ಶಾಲೆಗಳಲ್ಲಿ ಇಂದಿಗೂ ಅಧ್ಯಾಪಕರು ಅಭ್ಯಾಸ ಮಾಡುವ ಬರಹವಿದು. ಹುಡುಗರ ಜೊತೆ ಓಡಿದ ಮೊದಲಿಗರೇ ಆಗ ಹಣಕ್ಕಾಗಿ ಊರೂರು ಅಲೆಯುತ್ತ ಅಂಗಳದಿಂದ ದೂರವಾಗಿದ್ದರು ಎಂಬುದನ್ನು ನೆನೆದು ಓದಿದರೆ, ಅಧ್ಯಾಪಕರಿಗೆ ಬರೆದ ಆ ಪತ್ರದಲ್ಲಿ ಬರೆಸಿದವರ ನೋವೂ ಕೇಳುತ್ತದೆ.

1887ರ ಮೇ ತಿಂಗಳಲ್ಲಿ ರೋಮಿನ ದೇವಾಲಯ ಪ್ರತಿಷ್ಠಾಪನೆಯಾಯಿತು. ಅಲ್ಲಿ ಪೂಜೆ ಅರ್ಪಿಸುವಾಗ ಡಾನ್ ಬಾಸ್ಕೊ ಅಳು ತಡೆಯಲಾರದೆ ಹಲವು ಬಾರಿ ನಿಂತರು. ಆ ವರ್ಷದ ಡಿಸೆಂಬರ್‌ನಲ್ಲಿ ಹಾಸಿಗೆ ಹಿಡಿದರು. ಒಂದು ದಿನ ಆರೈಕೆಗೆ ನಿಂತವರನ್ನು ಕರೆದು, ತಮ್ಮ ನಿಲುವಂಗಿಯ ಜೇಬುಗಳನ್ನು, ಹಣದ ಚೀಲವನ್ನು ಹುಡುಕಿನೋಡಲು ಹೇಳಿದರು. ಏನಾದರೂ ಉಳಿದಿದ್ದರೆ ಅದನ್ನು ತಮ್ಮ ಉತ್ತರಾಧಿಕಾರಿ ಮೈಕೆಲ್ ರುವಾ ಅವರಿಗೆ ಒಪ್ಪಿಸಬೇಕು, ಡಾನ್ ಬಾಸ್ಕೊ ಕೈಯಲ್ಲಿ ಕಾಸಿಲ್ಲದೆ ಸತ್ತರೆಂದು ಜನರಿಗೆ ಗೊತ್ತಾಗಬೇಕು ಎಂಬುದು ಅವರ ಇಚ್ಛೆಯಾಗಿತ್ತು. 1888ರ ಜನವರಿ 31ರ ನಸುಕಿನಲ್ಲಿ ಪ್ರಾಣ ಹೋಯಿತು. ವಾಲ್ಡೊಕ್ಕೊದ ಅಂಗಳದಲ್ಲೇ ಮಣ್ಣು ಮಾಡಲು ನಗರದ ಕಾನೂನು ಅಡ್ಡಬಂದಿತು. ನಗರದಾಚೆ ವಾಲ್ಸಾಲಿಚೆಯಲ್ಲಿದ್ದ ಸಲೇಸಿಯನ್ ವಿದ್ಯಾಲಯದ ಆವರಣದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. 1929ರವರೆಗೆ ಅವರ ದೇಹ ಅಲ್ಲಿಯೇ, ವಿದ್ಯಾರ್ಥಿಗಳು ಓಡಾಡುವ ಕಟ್ಟಡದ ಮಗ್ಗುಲಲ್ಲೇ ಇತ್ತು.